ಐವತ್ತರಲ್ಲೊಂದು ಪಾಲು ನೆರಳು

ತುರ್ಕಿಯ ಎದಿರ್ನೆ ಊರಿನಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ತುಂಜಾ ಹೊಳೆ ಏರುತ್ತಿದೆ ಎಂದು ಗಂಡಸರೆಲ್ಲ ಸೇತುವೆಯ ಕಡೆ ಹೋಗಿದ್ದರು. ಬೀದಿಯ ಹೆಂಗಸರು ಬೆಹಿಯೆ ಅಜ್ಜಿಯ ಮನೆಯಲ್ಲಿ ಒಲೆಯ ಸುತ್ತ ಕೂತು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಐತೆನ್, ತಾನು ನೋಡಿಬಂದ ಪ್ರದರ್ಶನದ ಮಾತು ತೆಗೆದಳು. ಸುಲ್ತಾನರ ಕಾಲದ, ಈಗ ಇಲ್ಲವಾದ ಕಟ್ಟಡಗಳನ್ನೆಲ್ಲ ತಹ್ಸೀನ್ ಎಂಬವನು ಮೇಜಿನಗಲದಲ್ಲಿ ಕಟ್ಟಿಟ್ಟಿದ್ದಾನೆ, ನೋಡಲು ಎರಡು ಕಣ್ಣು ಸಾಲದು ಎಂದಳು. ಅಜ್ಜಿ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು.

"ಹೌದಮ್ಮಾ, ಚೆಂದವೇ... ಯಾಕೆ ಚೆಂದ ಅಂತ ಗೊತ್ತಾ? ಕೇಳ್ರೇ ಹಾಗಾದ್ರೆ. ಈಗ ಬಸ್ಸು ತಿರುಗ್ತಾವಲ್ಲ, ಅಲ್ಲಿ ಕುಂಟ ಪಾಷಾನ ಹಮಾಮು ಇತ್ತು, ಊರಿಗೆಲ್ಲ ಒಂದೇ ಸ್ನಾನದ ಮನೆ. ಹನ್ನೆರಡು ವರ್ಷ ನಾನು ಅಲ್ಲಿ ಊರ ಹೆಂಗಸರ ಬೆನ್ನು ಉಜ್ಜಿದೋಳು. ರಸ್ತೆಗೆ ಅಂತ ಒಂದೇ ವಾರದಲ್ಲಿ ಕೆಡವಿ ಹಾಕಿದ್ರು, ಊರೂ ಮರೀತು. ಮರೀದೇ ಇದ್ದವನು ತಹ್ಸೀನ್ ಒಬ್ಬನೇ. ಹಳೇ ನಕ್ಷೆ, ಹಳೇ ಫೋಟೋ ಹಿಡ್ಕೊಂಡು ಬರೋನು... ಬಾಗಿಲು ಎಷ್ಟೆತ್ತರ ಅಜ್ಜಿ, ಬಿಸಿನೀರಿನ ತೊಟ್ಟಿ ಯಾವ ಕಡೆ ಅಜ್ಜಿ... ಅಸಲಿನ ಐವತ್ತರಲ್ಲೊಂದು ಪಾಲು ಅಳತೆಯಲ್ಲಿ ಮಾದರಿ ಕಟ್ತೀನಿ ಅಂದ. ಕಡಲೆಕಾಳಿನಷ್ಟು ಇಟ್ಟಿಗೆ, ನಿಜವಾದ ಗಾರೆ. ಗೋಡೆ ನಿಂತ್ಕೊಳ್ತು, ಗುಮ್ಮಟ ಮಾತ್ರ ನಿಲ್ಲಲಿಲ್ಲ. ಏಳು ಸಲ ಕಟ್ಟಿದ, ಏಳು ಸಲವೂ ಕುಸೀತು.

"ಆಗ ಈ ಹಾಳು ಬಾಯಿ ಸುಮ್ನಿರಬೇಕೋ ಬೇಡ್ವೋ? 'ನೆರಳು ಹಾಕ್ದೆ ಗುಮ್ಮಟ ನಿಲ್ಲುತ್ತೇನಪ್ಪಾ' ಅಂದ್ಬಿಟ್ಟೆ. ಹಳೇ ಮೇಸ್ತ್ರಿಗಳು ಮಾಡ್ತಿದ್ದದ್ದು ನಿಮಗೂ ಗೊತ್ತಲ್ಲ... ಬಿಸಿಲಲ್ಲಿ ನಿಂತವರ ನೆರಳನ್ನ ಅವರಿಗೆ ತಿಳೀದ ಹಾಗೆ ದಾರದಲ್ಲಿ ಅಳೆದು, ಆ ದಾರಾನ ಗೋಡೆಯೊಳಗಿಟ್ಟು ಗಾರೆ ಮೆತ್ತಿಬಿಡೋದು. ನೆರಳಿನವರು ನಲವತ್ತು ದಿನದಲ್ಲಿ ಸಾಯೋರು, ಗೋಡೆ ನಾನೂರು ವರ್ಷ ನಿಲ್ಲೋದು. ನಾನು ತಮಾಷೆಗೆ ಹೇಳಿದ್ದು ಕಣ್ರೇ. ಅವನು ನಗಲಿಲ್ಲ. 'ಅಸಲಿನಲ್ಲಿ ಇದ್ದದ್ದು ನನ್ನದರಲ್ಲೂ ಇರಬೇಕು' ಅಂದ.

"ಅವನ ಹೆಂಡತಿ ನೆಸ್ರಿನ್, ಇಪ್ಪತ್ತಾರರ ಹುಡುಗಿ, ಗಂಡ ಅಂದ್ರೆ ಪ್ರಾಣ. ಒಂದು ಮಧ್ಯಾಹ್ನ ಅಂಗಳದಲ್ಲಿ ಬಟ್ಟೆ ಒಣಹಾಕ್ತಿದ್ಲು. 'ಹಾಗೇ ನಿಲ್ಲು, ಎಷ್ಟು ಲಕ್ಷಣವಾಗಿ ಕಾಣ್ತಿದ್ದೀಯ' ಅಂದನಂತೆ. ಮದುವೆಯಾಗಿ ಆರು ವರ್ಷಕ್ಕೆ ಮೊದಲನೇ ಸಲ ಅಂದ ಮಾತು... ಪಾಪ, ಹಿಗ್ಗಿ ನಿಂತ್ಕೊಂಡ್ಲು. ಅವನು ಹಿಂದೆ ಬಗ್ಗಿ ದಾರ ಎಳೆದ. ಆಮೇಲೆ ಏನು ಮಾಡಿದ ಹೇಳಿ? ಮಾದರಿಗೆ ಹೊಂದಬೇಕಲ್ಲ ಅಂತ ಆ ದಾರಾನ ಐವತ್ತು ಪಾಲು ಮಾಡಿ, ಒಂದೇ ಒಂದು ಪಾಲನ್ನ ಗುಮ್ಮಟದ ಬುಡಕ್ಕಿಟ್ಟ. ಅಳತೆಯಲ್ಲಿ ಬಲು ಕಟ್ಟುನಿಟ್ಟು ನೋಡಿ! ಗುಮ್ಮಟ ನಿಂತ್ಕೊಳ್ತು.

"ಇಡೀ ದಾರ ಇಟ್ಟಿದ್ರೆ ನಲವತ್ತು ದಿನಕ್ಕೆ ಮುಗಿದುಹೋಗೋದು. ಇವನು ಇಟ್ಟಿದ್ದು ಚೂರು, ಸಾವೂ ಚೂರುಚೂರೇ ಬಂತು. ಮೊದಲು ನೆರಳು ಗಿಡ್ಡ ಆಯ್ತು. 'ಅಜ್ಜೀ, ಬಟ್ಟೆ ಬುಟ್ಟಿ ನೆರಳಿಗಿಂತ ನನ್ನದೇ ಚಿಕ್ಕದು ನೋಡು' ಅಂತ ನಗ್ತಾನೇ ತೋರಿಸಿದ್ಲು. ನನಗೆ ಆಗ್ಲೇ ಗೊತ್ತಾಯ್ತು, ಆದ್ರೆ ಬಾಯಿ ಬಿಡ್ಲಿಲ್ಲ... ಯಾವ ಮುಖ ಇಟ್ಕೊಂಡು ಬಿಡ್ಲಿ? ಆಮೇಲೆ ನೆರಳಿನ ಹಿಂದೆ ಮೈಯೂ ಹೊರಟಿತು. ಲಂಗದ ಅಂಚು ಮಡಿಸಿ ಹೊಲಿದ್ಲು, ಮತ್ತೆ ಮಡಿಸಿದ್ಲು, ಮತ್ತೆ ಮಡಿಸಿದ್ಲು. ಒಲೆ ಎಟುಕದೆ ಸ್ಟೂಲು ಹಾಕ್ಕೊಂಡ್ಲು. ಎರಡನೇ ವರ್ಷ ಅವನು ಸಂತೆಯಿಂದ ಮಕ್ಕಳ ಕುರ್ಚಿ ತಂದ್ಕೊಟ್ಟ, ಹುಟ್ಟುಹಬ್ಬದ ಉಡುಗೊರೆ ಅಂತ.

"ಕೊನೆಗೆ ತಡೀಲಾರದೆ ನಾನೇ ಅವಳಿಗೆ ಹೇಳ್ದೆ. ಅವಳು ನನ್ನ ಬೈಲಿಲ್ಲ, ಬೈದಿದ್ರೆ ಚೆನ್ನಾಗಿತ್ತು. ಓಡಿಹೋಗಿ ಗಂಡನ ಮೊಣಕಾಲು ಹಿಡ್ಕೊಂಡ್ಲು. 'ಅದನ್ನ ಒಡೆದುಹಾಕಿ, ನಿಮ್ಮ ದಮ್ಮಯ್ಯ, ನಾನು ಬದುಕ್ಬೇಕು ರೀ.' ಅವನೇನಂದ ಗೊತ್ತಾ? 'ಒಂದು ಸಲ ಅವರು ಕೆಡವಿದ್ರು, ಇನ್ನೊಂದು ಸಲ ನಾನು ಕೆಡವಲಾ? ಹೆಂಡತಿ ಇನ್ನೊಬ್ಬಳು ಸಿಗ್ತಾಳೆ ನೆಸ್ರಿನ್, ಇಂಥ ಹಮಾಮು ಸಿಗಲ್ಲ.' ಅವಳೇ ಸುತ್ತಿಗೆಗೆ ಕೈ ಹಾಕಿದ್ಲು. ಎತ್ತೋಕಾಗಲಿಲ್ಲ ಕಣ್ರೇ. ಅವನು ಮೆಲ್ಲಗೆ ಬಿಡಿಸ್ಕೊಂಡು ಅದನ್ನ ಎತ್ತರದ ಮೊಳೆಗೆ ನೇತುಹಾಕಿದ.

"ನಲವತ್ತು ದಿನದ ಐವತ್ತು ಪಟ್ಟು ಎಷ್ಟಾಯ್ತು? ಐದೂವರೆ ವರ್ಷ. ಆಮೇಲೆ ಒಂದು ದಿನ 'ತವರಿಗೆ ಹೋದಳು' ಅಂದ. ಊರೆಲ್ಲ ನಂಬ್ತು. ನಾನು ಪ್ರದರ್ಶನಕ್ಕೆ ಹೋಗಿ, ಬಗ್ಗಿ ಆ ಪುಟ್ಟ ಬಾಗಿಲಲ್ಲಿ ಕಣ್ಣಿಟ್ಟೆ. ಗುಮ್ಮಟದ ಗಾಜುಗಳಿಂದ ಬೆಳಕು ಬಿದ್ದಿತ್ತು. ನಡುವಿನ ಚಪ್ಪಡಿ ಮೇಲೆ ಅರ್ಧ ಬೆರಳುದ್ದದ ಹೆಂಗಸೊಬ್ಬಳು ಕೂತಿದ್ಲು... ಬೆನ್ನು ಉಜ್ಜಿಕೊಳ್ಳೋಕೆ ಕೈ ಎಟುಕದೆ ಒದ್ದಾಡ್ತಿದ್ಲು. ನಾನು ಊರೆಲ್ಲರ ಬೆನ್ನು ಉಜ್ಜಿದೋಳು, ಆ ಬೆನ್ನಿಗೆ ಒಂದು ಬೆರಳು ಮುಟ್ಟಿಸೋಕೂ ಆಗಲಿಲ್ಲ. ಹಿಂದಿನಿಂದ ತಹ್ಸೀನ್ ಬಂದು, 'ನೋಡಿದ್ಯಾ ಅಜ್ಜಿ, ಅಸಲಿನಲ್ಲಿದ್ದ ಒಂದನ್ನೂ ಬಿಟ್ಟಿಲ್ಲ' ಅಂದ."

ಅಜ್ಜಿ ಐತೆನ್ ಕಡೆ ತಿರುಗಿದಳು.

"ಅಲ್ಲಿ ಎಷ್ಟು ಕಟ್ಟಡ ನೋಡಿದೆ ಮಗಳೇ?"

"ಹನ್ನೊಂದು, ಅಜ್ಜಿ."

"ಹನ್ನೊಂದು ಗುಮ್ಮಟ, ಒಂದೂ ಕುಸಿದಿಲ್ಲ... ಈ ಊರಿಂದ ತವರಿಗೆ ಹೋಗಿ ತಿರುಗಿ ಬಾರದ ಹೆಂಗಸರು ಎಷ್ಟು ಜನ ಅಂತ ಯಾರಾದ್ರೂ ಕೇಳಿದ್ದೀರಾ? ಈಗ ಹನ್ನೆರಡನೇದು ಶುರು ಮಾಡಿದಾನಂತೆ. ಮೊನ್ನೆ ಮಧ್ಯಾಹ್ನ ನಿನ್ನ ಮನೆ ಮುಂದೆ ಬಂದು ಬಹಳ ಹೊತ್ತು ನಿನ್ನನ್ನ ಮಾತಾಡಿಸಿದ್ನಂತಲ್ಲ, ಐತೆನ್... ನೀನು ನಿಂತಿದ್ದು ಮರದ ಕೆಳಗೋ, ಬಿಸಿಲಲ್ಲೋ?"