ಗುಜರಿಗೆ ಹೋದ ಲಾರಿ

ಮುಳಬಾಗಿಲಿನ ಹತ್ತಿರ ಹೆದ್ದಾರಿಗೆ ಹುಣಸೆಮರ ಬಿದ್ದು, ಚೆನ್ನೈ ಕಡೆ ಹೊರಟಿದ್ದ ಲಾರಿಗಳೆಲ್ಲ ಕೋಲಾರದ ಬೈಪಾಸಿನಲ್ಲೇ ನಿಂತುಬಿಟ್ಟಿದ್ದವು. ಮಳೆ ಬಿಡುವ ಹಾಗೆ ಕಾಣಲಿಲ್ಲ. ಟೀ ಅಂಗಡಿಯ ತಗಡಿನ ಕೆಳಗೆ ಡ್ರೈವರುಗಳು ಒತ್ತೊತ್ತಾಗಿ ಕೂತಿದ್ದರು. ಅವರಲ್ಲೊಬ್ಬ, ಗಾಡಿ ಯಾಕೆ ನಿಂತಿದೆ ಅಂತ ಓನರು ಮ್ಯಾಪ್ ನೋಡಿಕೊಂಡೇ ಬೈತಾನೆ ಅಂತ ಫೋನು ನೋಡುತ್ತ ಗೊಣಗಿದ. ಒಲೆ ಪಕ್ಕ ಕೂತಿದ್ದ ಅಪ್ಪಾಜಪ್ಪ ಅವನತ್ತ ತಿರುಗಿದ. ಕಣ್ಣು ಮಂಜಾಗೋವರೆಗೂ ಲಾರಿ ಓಡಿಸಿದ ಮುದುಕ.

"ಆ ಫೋನು ರವಷ್ಟು ಜೇಬಿಗಿಡಪ್ಪ, ಹೇಳ್ತೀನಿ ಕೇಳು. ನಮ್ಮ ವಕ್ಕಲೇರೀಲಿ ಮುನಿಕೃಷ್ಣ ಅಂತ ಒಬ್ಬನಿದ್ದ. ಸ್ಟೇರಿಂಗ್ ಹಿಡಿಯೋದು ನಾನೇ ಕಲಿಸಿದ್ದು. ಒಂದು ತೊಟ್ಟು ಕುಡಿದೋನಲ್ಲ. ಅವನ ಹೆಂಡ್ತಿ ಶ್ರೀವಾಣಿ, ಗೌನಿಪಲ್ಲಿ ಹುಡುಗಿ. ಈ ಕತೆ ಅವಳದು. ಅಪ್ಪ ಅಮ್ಮ ಇಲ್ಲದೋಳನ್ನ ಅವಳಣ್ಣ ಕದಿರೇಶನೇ ಸಾಕಿ ಮದುವೆ ಮಾಡಿದ್ದ. ಶ್ರೀನಿವಾಸಪುರದ ಮಾವಿನಕಾಯಿ ಸಾಗಿಸ್ತಾ ಸಾಗಿಸ್ತಾ ಲಾರಿಗಳ ಓನರಾದ, ಮಾಲೂರಿನ ಒಂದು ದೊಡ್ಡ ಗೋಡೌನಿನ ಕಾಂಟ್ರಾಕ್ಟು ಹಿಡಿದ, ತಂಗಿ ಗಂಡನ್ನೇ ಒಂದು ಲಾರಿಗೆ ಕೂರಿಸ್ದ. ಅಣ್ಣ ಅಂದ್ರೆ ಅವಳಿಗೆ ದೇವರು.

"ಗಾಡಿ ಎಲ್ಲಿದೆ ಅಂತ ತೋರಿಸೋ ಚುಕ್ಕೆ ಇರುತ್ತಲ್ಲ, ಅದನ್ನ ಮುನಿಕೃಷ್ಣ ಅವಳ ಫೋನಿಗೂ ಹಾಕಿಕೊಟ್ಟಿದ್ದ. ವಾಪಸ್ ಬರುವಾಗ ಚುಕ್ಕೆ ಕೋಲಾರ ಮುಟ್ತು ಅಂದ್ರೆ ಅವಳು ಒಲೆ ಮೇಲೆ ಎಸರಿಡೋಳು. ಅಂಥ ಸಂಸಾರ...

"ಹೋದ ವರ್ಷ ಪಲಮನೇರ್ ದಾಟಿದ ಮೇಲೆ ಸಿಗೋ ಘಾಟಲ್ಲಿ ಲಾರಿ ಬಂಡೆಗೆ ಹೊಡೀತು. ಮುನಿಕೃಷ್ಣ ಅಲ್ಲೇ ಹೋದ. ಮೊದಲು ಹೋಗಿ ನೋಡ್ದೋನು ಕದಿರೇಶ. ಬಂದವನೇ ತಂಗಿ ಕೈ ಹಿಡ್ಕೊಂಡು, 'ಕುಡಿದಿದ್ದ ಕಣಮ್ಮ, ಕ್ಯಾಬಿನ್ನಲ್ಲೇ ಸೀಸೆ ಸಿಕ್ತು' ಅಂದ. ನಾನು ಹೋಗಿ, ಅವನು ಕುಡಿಯೋನಲ್ಲಮ್ಮ ಅಂದೆ. 'ನಮ್ಮಣ್ಣ ಸುಳ್ಳೇಳ್ತಾನಾ ತಾತ?' ಅಂದ್ಲು. ಗಂಡನ ಫೋಟೋನ ಗೋಡೆಗೂ ಹಾಕ್ಲಿಲ್ಲ. ತಿಥಿ ದಿನ ಎಡೆ ಇಟ್ಟು, ನಿಂಗೆ ನನಗಿಂತ ಅದೇ ಹೆಚ್ಚಾಯ್ತಾ ಅಂತ ಬೈದ್ಲು. ಲಾರೀನ ಗುಜರಿಯೋರು ಗ್ಯಾಸ್ ಕಟರಲ್ಲಿ ತುಂಡು ತುಂಡು ಮಾಡಿದ್ರು, ನಾನೇ ನಿಂತು ನೋಡ್ದೆ.

"ಹಿಂಗೇ ಒಂದು ಮಧ್ಯಾಹ್ನ ಅವಳು ಹಸುಗೆ ಹುಲ್ಲು ಹಾಕ್ತಿದ್ದಾಗ ಫೋನು ಕುಯ್ ಅಂತು. ನೋಡಿದ್ರೆ... ಅದೇ ಲಾರಿ ಚುಕ್ಕೆ, ಅದೇ ಘಾಟಲ್ಲಿ. ನಡೀತಿದೆ. ಚುಕ್ಕೆ ತೋರಿಸೋ ಆ ಪೆಟ್ಟಿಗೇನ ಬೇರೆ ಗಾಡಿಗೆ ಹಾಕಿದ್ಯಾ ಅಂತ ಅಣ್ಣನ್ನ ಕೇಳಿದ್ಲು. 'ಅದು ಅವತ್ತೇ ಪುಡಿಪುಡಿ ಆಯ್ತಲ್ಲೇ' ಅಂದ. ದಿನಾ ರವಷ್ಟು ಮುಂದೆ ಬರೋದು. ಪಲಮನೇರ್ ಆಯ್ತು, ನಂಗಲಿ ಆಯ್ತು, ಮುಳಬಾಗಿಲು ಆಯ್ತು. ಕೋಲಾರ ಮುಟ್ಟಿದ ದಿನ ಅವಳ ಕೈ ತಾನಾಗೇ ಎಸರಿಟ್ತು. ಆದ್ರೆ ಚುಕ್ಕೆ ವಕ್ಕಲೇರಿ ಕಡೆ ತಿರುಗಲಿಲ್ಲ ಕಣ್ರಪ್ಪ, ಶ್ರೀನಿವಾಸಪುರದ ರಸ್ತೆ ಹಿಡೀತು. ಸತ್ತ ಮೇಲೂ ನನ್ನ ಮನೆ ಬೇಡವಾಯ್ತಾ ಅಂತ ಹೊಟ್ಟೆ ಉರಿದು, ಒಲೆ ಆರಿಸಿ, ಗೌನಿಪಲ್ಲಿ ಬಸ್ಸು ಹತ್ತಿದ್ಲು.

"ಅಣ್ಣನ ಮನೆ ಮುಟ್ಟೋ ಹೊತ್ಗೆ ದೀಪ ಹಚ್ಚೋ ಸಮಯ. ಚುಕ್ಕೆ ಗೇಟಿನ ಮುಂದೇನೇ ನಿಂತಿದೆ. ಎದುರಿಗೆ ನೋಡಿದ್ರೆ ಬರೀ ಮಣ್ಣಿನ ರಸ್ತೆ. ಆದ್ರೆ ಇಂಜಿನ್ನು ಗುರುಗುಡ್ತಾ ಐತೆ, ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಹೊಡೀತಾ ಐತೆ... ಆ ವಾಸನೆ ನಿಮಗೆ ಹೇಳಬೇಕಾ? ಕದಿರೇಶ ಜಗಲಿ ಕಂಬ ತಬ್ಕೊಂಡು ನಿಂತಿದ್ದ. ತಂಗಿ ಬಂದಿದ್ದೂ ಅವನಿಗೆ ಕಾಣಲಿಲ್ಲ. ಗೇಟಿನ ಕಡೆ ನೋಡ್ಕೊಂಡು ಮಾತಾಡ್ತಿದ್ದ. 'ಬಾವ, ಬ್ರೇಕ್ ಹಿಡೀತಿಲ್ಲ ಅಂತ ನೀನು ಫೋನ್ ಮಾಡಿದ್ದು ನಿಜ. ನಿಲ್ಲಿಸಬೇಡ, ಮಾಲು ತಡವಾದ್ರೆ ಕಾಂಟ್ರಾಕ್ಟು ಹೋಗುತ್ತೆ ಅಂತ ನಾನಂದಿದ್ದೂ ನಿಜ. ಹೋಗು ಬಾವ, ದಂಡಂ ಪೆಡ್ತಾನು, ಕೈ ಮುಗೀತೀನಿ, ಹೋಗು...'

"ಶ್ರೀವಾಣಿ ಹತ್ತಿರ ಹೋಗಿ ಒಂದೇ ಮಾತು ಕೇಳಿದ್ಲು. 'ಮತ್ತೆ ಆ ಸೀಸೆ?'

"ಅವನು ತಲೆ ತಗ್ಗಿಸ್ದ. 'ನಾನೇ ಇಟ್ಟೆ.'

"ಅವಳು ಅಳಲಿಲ್ಲ, ಅಣ್ಣನ್ನ ಬೈಲಿಲ್ಲ. ಸಾಕಿದ ಕೈ ಅದು... ಏನಂತ ಬೈತಾಳೆ? ಗೇಟಿನವರೆಗೂ ಹೋಗಿ, ಏನೂ ಕಾಣದ ಕಡೆಗೆ ಕೈ ಮುಗಿದು, 'ನಾನೂ ನಿಮ್ಮನ್ನ ನಂಬಲಿಲ್ಲ. ತಪ್ಪಾಯ್ತು, ಮನೆಗೆ ಬನ್ನಿ' ಅಂದ್ಲು. ಇಂಜಿನ್ ಸದ್ದು ಒಂದು ಗಳಿಗೆ ತಗ್ಗಿತು. ಬಂದೇಬಿಟ್ಟ ಅಂದ್ಕೊಂಡ್ಲು. ಆಮೇಲೆ ಗೇರ್ ಬಿದ್ದ ಸದ್ದು. ಹಿಂದೆ ತಿರುಗಿ ನೋಡಿದ್ರೆ ಜಗಲಿ ಮೇಲೆ ಕದಿರೇಶ ಇಲ್ಲ. ಚುಕ್ಕೆ ಊರಾಚೆ ಹೋಗ್ತಾ ಇತ್ತು.

"ಪೊಲೀಸ್ನೋರು ಕದಿರೇಶನ್ನ ಇವತ್ತಿಗೂ ಹುಡುಕ್ತಾವ್ರೆ. ಗಂಡನ ಫೋಟೋ ಈಗ ಅವಳ ಗೋಡೆ ಮೇಲೈತೆ, ದಿನಾ ಹೂವು ಹಾಕ್ತಾಳೆ. ಮುನಿಕೃಷ್ಣ ಮಾತ್ರ ಆ ಮನೆ ಕಡೆ ಬರಲಿಲ್ಲ. ಚುಕ್ಕೆ ಓಡ್ತಾನೇ ಐತೆ... ಮಾಲೂರಿಂದ ಘಾಟಿಗೆ, ಘಾಟಿಂದ ಮಾಲೂರಿಗೆ. ಘಾಟು ಮುಟ್ಟಿದಾಗೆಲ್ಲ ಅವಳ ಫೋನು ಬಡ್ಕೊಳ್ಳುತ್ತೆ. ಈಹೊತ್ತು ಮಳೆ ಶುರುವಾದಾಗ, ಇಲ್ಲಿಗೆ ಬರೋಕೆ ಮುಂಚೆ, ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಎತ್ತಿ ನನ್ನ ಕಿವಿಗೂ ಹಿಡಿದ್ಲು. ಕದಿರೇಶನ ದನಿ ಕಣ್ರಪ್ಪ. 'ವಾಣೀ, ಇಳಿಜಾರು ಬಂತಮ್ಮ... ನಿಲ್ಸು ಅಂತ ಬಾವನಿಗೆ ಒಂದು ಮಾತು ಹೇಳಮ್ಮ...' ಅಂತ ಅಳ್ತಾ ಐತೆ.

"ಅವಳು ಪೂರ್ತಿ ಕೇಳಿಸ್ಕೊಂಡು, ಫೋನು ಕೆಳಗಿಟ್ಟು ಹಾಲು ಕರೆಯಕ್ಕೆ ಹೋದ್ಲು."