ರಾಣಿಹುಳದ ಮೇಲಿನ ದೂರು

ವಡಾಲದಲ್ಲಿ ಮಕ್ಕಳಾಗದವರನ್ನು ನೋಡುವ ಡಾಕ್ಟರ ಬಾಗಿಲಲ್ಲಿ ಕೌಸಲ್ಯಾ ಸೊಸೆಯ ಜೊತೆ ಕಾಯುತ್ತಿದ್ದಳು. ಕದ್ದು ಕೇಳುವ ಚಟ ಅವಳಿಗಿರಲಿಲ್ಲ. ಆದರೆ ಮುಂಬಯಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಬಿಡುವುದುಂಟೇ? ಹಿಂದಿನ ಬೆಂಚಿನಲ್ಲಿ ವಿಜಯಪುರದ ಕಡೆಯ ಗಂಡ ಹೆಂಡತಿ ಕೂತಿದ್ದರು.

“ನನಗ್ಯಾಕ ಟೆಸ್ಟ್, ರಂಜನಾ? ಗಟ್ಟಿಮುಟ್ಟ ಅದೀನಿ.”

“ನಮ್ಮಣ್ಣನ ಪೆಟ್ಟಿಗ್ಯಾಗಿನ ಗಂಡು ಜೇನೂ ಗಟ್ಟಿಮುಟ್ಟನ ಇದ್ದವು.”

“ಜೇನಿನ ಸುದ್ದಿ ಇಲ್ಯಾಕ?”

“ಗೂಡಿನ್ಯಾಗ ಮರಿ ಆಗವಲ್ಲವು ಅಂತ ಅಣ್ಣ ಎರಡು ಸರ್ತಿ ರಾಣಿಹುಳ ಬದಲಿ ಮಾಡಿದ. ಕಡೀಕ ಕೃಷಿ ಕಾಲೇಜಿನವರು ಬಂದು ನೋಡಿ, ರಾಣಿ ಛಲೋ ಅದಾಳ, ಹೊಲಕ್ಕ ಹೊಡದ ಕೀಟನಾಶಕದ ಎಣ್ಣಿಗೆ ಗಂಡಿನ ಬೀಜ ಸತ್ತಾವ ಅಂದ್ರು.”

“ನಾ ಹೊಲದ ಮಾರಿನೇ ನೋಡಿಲ್ಲಲ್ಲ!”

“ಹೌದ್ರಿ. ನೀವು ಪೆಸ್ಟ್ ಕಂಟ್ರೋಲಿನವರು. ಬಿಲ್ಡಿಂಗ್ ಬಿಲ್ಡಿಂಗ್ ತಿರುಗಿ ಜಿರಳಿಗೆ ಅಂಥಾದ್ದ ಎಣ್ಣಿ ಹೊಡೀತೀರಿ.”

“ಅವ್ವಗ ಏನ್ ಹೇಳ್ಲಿ?”

“ಅವರು ನನ್ನ ಬದಲಿ ಮಾಡೂದರಾಗ ಏನರ ಹೇಳ್ರಿ.”

ಒಳಗಿಂದ ನರ್ಸ್ “ಸಾಯಬಣ್ಣ” ಎಂದು ಕೂಗಿದಳು. ಅವನು ಎದ್ದು, ನಾಚಿ, ತಿರುಗಿ ನೋಡಿದ.

“ಹೋಗಿ ಬರ್ರಿ. ರಾಣಿ ಇಲ್ಲೇ ಕುಂತಿರ್ತಾಳ.”

ಅವನು ಒಳಗೆ ಹೋದ. ಕೌಸಲ್ಯಾ ಸೊಸೆಯ ಟೆಸ್ಟುಗಳ ದಪ್ಪ ಫೈಲನ್ನು ಮೆಲ್ಲಗೆ ಮುಚ್ಚಿದಳು.

“ಭಾವನಾ, ಅನುರಾಗ್‌ಗೆ ಫೋನ್ ಮಾಡಮ್ಮ. ರಜಾ ಹಾಕಿ ನನ್ನ ಮಗನೂ ಬರಲಿ.”