ಸಹಿ ಮಾಡಿಟ್ಟ ಖಾಲಿ ಪರ್ಮಿಟ್ಟು

ಬೆಳಕಲ್ಲಿ ಕೂತವರನ್ನೂ ಕತ್ತಲಿಗೆ ಇಳಿದವರನ್ನೂ ಒಂದೇ ಕಣ್ಣಿಂದ ಕಾಯುವ ಭಗವಂತ, ನಿನಗೆ ಮೊದಲ ನಮಸ್ಕಾರ. ನನ್ನ ನಾಲಿಗೆ ಸುಳ್ಳಿನ ಕಡೆ ಹೊರಳದಂತೆ ನೋಡಿಕೋ. ಒಂದು ಮಾತು ಹೆಚ್ಚಾದರೂ ನಿನ್ನ ಮುಂದೆ ನಾನೇ ತಲೆ ತಗ್ಗಿಸಬೇಕು.

ದೀಪ ಸ್ವಲ್ಪ ಸಣ್ಣ ಮಾಡಿ… ಹಾಂ, ಸಾಕು. ಹತ್ತಿರ ಬನ್ನಿ.

ಇದು ನಡೆದದ್ದು ನನ್ನ ದೊಡ್ಡಮ್ಮನ ಮಗನಿಗೆ. ಕಾಗದದ ಕಾರ್ಖಾನೆಯಲ್ಲಿ ಅವನಿಗೆ ಇದ್ದದ್ದು ಒಂದೇ ಕೆಲಸ. ಕೊಳೆನೀರಿನ ತೊಟ್ಟಿಗೆ ಯಾರೇ ಇಳಿಯಲಿ, ಮೊದಲು ಇವನು ಬಂದು ವಿಷಗಾಳಿ ಇದ್ದರೆ ಕೂಗುವ ಮೀಟರನ್ನು ದಾರಕ್ಕೆ ಕಟ್ಟಿ ಒಳಗೆ ಬಿಟ್ಟು ಗಾಳಿ ನೋಡಬೇಕು. ತೊಟ್ಟಿಯ ಬಾಯಿಯ ಹತ್ತಿರ ಒಬ್ಬ ಕಾವಲು ನಿಲ್ಲಬೇಕು. ಆಮೇಲೆ ಪರ್ಮಿಟ್ಟು ಬರೆದು ಸಹಿ ಹಾಕಬೇಕು. ಆ ಚೀಟಿ ಇಲ್ಲದೆ ಯಾರೂ ಇಳಿಯುವ ಹಾಗಿಲ್ಲ. ಅದಕ್ಕೇ ಎಲ್ಲರೂ ಅವನನ್ನು ಪರ್ಮಿಟ್ಟಣ್ಣ ಅಂತ ಕರೆಯುತ್ತಿದ್ದರು. ನಮ್ಮ ಅತ್ತಿಗೆಯಂತೂ ನೆಂಟರ ಮುಂದೆಯೇ, "ಈ ಮನೇಲಿ ಉಪ್ಪಿನ ಡಬ್ಬಿ ಮುಚ್ಚಳ ತೆಗೆಯೋಕೂ ಇವರ ಸಹಿ ಬೇಕು ಕಣ್ರೇ" ಅನ್ನುತ್ತಿದ್ದಳು. ಅವನೂ ನಗುತ್ತಿದ್ದ. ಒಳ್ಳೆಯವನು. ದೇವರಿಗೆ ಹೆದರುವವನು. ಆದರೆ ಸುಸ್ತಾಗಿದ್ದ.

ತೊಟ್ಟಿ ತೊಳೆಯುವ ಕೆಲಸವನ್ನು ಕಾರ್ಖಾನೆಯವರು ಕಂಟ್ರಾಕ್ಟಿಗೆ ಕೊಟ್ಟಿದ್ದರು. ಎರಡನೇ ಪಾಳಿ ಮುಗಿದು ಯಂತ್ರ ನಿಂತ ಮೇಲೆಯೇ ತೊಟ್ಟಿ ಖಾಲಿ; ಹಾಗಾಗಿ ಅವರು ಬರುತ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ. ಅಣ್ಣನ ಪಾಳಿ ಮುಗಿಯುತ್ತಿದ್ದದ್ದು ಹತ್ತಕ್ಕೆ. "ರಾತ್ರಿಗೂ ಒಬ್ಬರನ್ನ ಹಾಕಿ ಸಾರ್" ಅಂತ ಮ್ಯಾನೇಜರನ್ನು ಎರಡು ಸಲ ಕೇಳಿದ. ಮ್ಯಾನೇಜರು, "ಅವರು ನಮ್ಮವರಲ್ಲ ಕಣ್ರೀ, ಕಂಟ್ರಾಕ್ಟರನ ಜನ. ಅವನು ನೋಡ್ಕೋತಾನೆ. ನೀವು ಚೀಟಿ ಕೊಟ್ಟು ಹೋಗ್ರೀ" ಅಂದರು.

ಅಣ್ಣ ಕೊಟ್ಟ.

ಹತ್ತು ಖಾಲಿ ಪರ್ಮಿಟ್ಟಿಗೆ ಸಹಿ ಹಾಕಿ, ಕಂಟ್ರಾಕ್ಟರನ ಮೇಸ್ತ್ರಿಯ ಕೈಗೆ ಇಟ್ಟ. ತಾರೀಕು ಅವನೇ ತುಂಬಿಕೊಳ್ಳಲಿ, ಗಾಳಿ "ಸರಿ ಇದೆ" ಅಂತ ಅವನೇ ಬರೆದುಕೊಳ್ಳಲಿ. ಇಂಥ ತಪ್ಪನ್ನು, ಚೀಟಿ ಬರೆದು ಬರೆದು ಕೈ ಸೋತವನು ಮಾತ್ರ ಮಾಡುತ್ತಾನೆ. ದೇವರೇ, ನಾನಾಗಿದ್ದರೂ ಮಾಡುತ್ತಿದ್ದೆನೋ ಏನೋ.

ಆ ಕಂಟ್ರಾಕ್ಟರನ ಜನರಲ್ಲಿ ಉದ್ದಣ್ಣ ಅಂತ ಒಬ್ಬ ಇದ್ದ. ತೆಂಗಿನ ಮರದ ಹಾಗೆ ಎತ್ತರ, ಬೆಕ್ಕಿನ ಹಾಗೆ ಮೆಲುದನಿ. ಯಂತ್ರ ರಿಪೇರಿಗೆ ನಿಂತು ಸಂಜೆಯೇ ಕೆಲಸಕ್ಕೆ ಬಂದ ದಿನಗಳಲ್ಲಿ, ಪರ್ಮಿಟ್ಟು ಕೈಯಲ್ಲಿದ್ದರೂ ಏಣಿಯ ಮೊದಲ ಮೆಟ್ಟಿಲ ಮೇಲೆ ನಿಂತು ಅಣ್ಣನನ್ನು ಕೇಳುತ್ತಿದ್ದ: "ಇಳೀಲಾ ಸಾರ್?" ಉಳಿದವರು ರೇಗಿಸುತ್ತಿದ್ದರು. "ಮಂಚ ಹತ್ತೋವಾಗ್ಲೂ ಹೆಂಡ್ತೀನ ಹೀಗೇ ಕೇಳ್ತೀಯೇನೋ?" ಉದ್ದಣ್ಣ ನಾಚಿಕೊಂಡು, "ಕೇಳಿದ್ರೆ ನಷ್ಟ ಏನು ಬಿಡ್ರೋ" ಅನ್ನುತ್ತಿದ್ದ. ಅಣ್ಣ "ಇಳಿ" ಅಂದಮೇಲೆಯೇ ಇಳಿಯುತ್ತಿದ್ದ. ಕಬ್ಬಿಣದ ಏಣಿ. ಹನ್ನೊಂದು ಮೆಟ್ಟಿಲು. ಠಣ್… ಠಣ್… ಠಣ್…

ಒಂಬತ್ತನೇ ಚೀಟಿಯ ರಾತ್ರಿ ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಆ ಗಾಳಿ ಹೇಗೆ ಅಂತ ಅಣ್ಣ ನನಗೆ ಹೇಳಿದ್ದಾನೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ವಾಸನೆ ಹೋಗಿಬಿಡುತ್ತದೆ. ಗಾಳಿ ಸರಿಹೋಯಿತು ಅಂದುಕೊಳ್ಳುತ್ತಾರೆ. ಸರಿಹೋಗಿರುವುದಿಲ್ಲ… ಮೂಗು ಸತ್ತಿರುತ್ತದೆ. ಮನುಷ್ಯ ಸಾಯುವುದು ಅದರ ಹಿಂದೆಯೇ.

ಉದ್ದಣ್ಣನನ್ನು ಬೆಳಗಿನ ಜಾವ ಎತ್ತಿದರು.

ಮ್ಯಾನೇಜರು ಅಣ್ಣನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ಪರ್ಮಿಟ್ಟು ಇಲ್ಲದೆ ತಾನಾಗೇ ಇಳಿದ ಅಂತ ಬರೀರಿ. ನಿಮ್ಮ ಕೆಲಸಾನೂ ಉಳಿಯತ್ತೆ, ನಮ್ಮ ತಲೇನೂ ಉಳಿಯತ್ತೆ." ಅಲ್ಲೇ ಇದ್ದ ಮೇಸ್ತ್ರಿ ಒಂಬತ್ತನೇ ಚೀಟಿಯನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡ. ಅಣ್ಣ ಬರೆದುಕೊಟ್ಟ. ಸತ್ತವನ ತಲೆಗೇ ತಪ್ಪು ಕಟ್ಟಿದ.

ಈಗ ನೋಡಿ, ಪಾಪ ಹೇಗೆ ಗಂಟು ಬೀಳುತ್ತದೆ ಅಂತ. ಮೇಸ್ತ್ರಿಯ ಹತ್ತಿರ ಇನ್ನೂ ಒಂದು ಸಹಿ ಹಾಕಿದ ಖಾಲಿ ಚೀಟಿ ಇತ್ತು. ಹತ್ತನೆಯದು. ಅದನ್ನು ಎಲ್ಲರ ಮುಂದೆ ವಾಪಸ್ ಕೇಳಿದರೆ, ಒಂಬತ್ತನೆಯದೂ ಇತ್ತು ಅಂತ ಹೊರಬೀಳುತ್ತದೆ. ಅಣ್ಣ ಗುಟ್ಟಾಗಿ ಕೇಳಿದ. ಮೇಸ್ತ್ರಿ ಹಲ್ಲು ಕಿರಿದು, "ಇರಲಿ ಬಿಡಿ ಸಾರ್, ನನ್ನ ಹತ್ರಾನೇ ಭದ್ರ" ಅಂದ. ಅಣ್ಣ ಮನೆ ದಾರಿ ಹಿಡಿದ.

ಆ ರಾತ್ರಿಯೇ ಶುರುವಾಯಿತು.

ಕಾರ್ಖಾನೆಯಿಂದ ಮನೆಗೆ ಬರುವ ಓಣಿಯಲ್ಲಿ ಒಂದು ಹಳೇ ಬಾವಿ. ನೀರು ಸೇದುವುದು ಬಿಟ್ಟು ವರ್ಷಗಳಾಗಿದ್ದವು. ಗೋಡೆ ನುಣ್ಣಗೆ, ಒಳಗೆ ಒಂದು ಮೆಟ್ಟಿಲೂ ಇಲ್ಲ. ಅಣ್ಣ ಅದರ ಪಕ್ಕ ಬಂದಾಗ…

ಠಣ್.

ಕಬ್ಬಿಣದ ಮೇಲೆ ಬರಿಗಾಲು ಊರಿದ ಶಬ್ದ. ಅಣ್ಣ ನಿಂತ. ಬಾವಿಯ ಒಳಗಿಂದ, ಬಾಯಿಗೆ ಹತ್ತಿರದಲ್ಲೇ, ಮೆಲ್ಲಗೆ:

"ಇಳೀಲಾ ಸಾರ್?"

ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಉತ್ತರ ಇಲ್ಲ ಅಂದಮೇಲೆ… ಠಣ್… ಠಣ್… ಒಂದೊಂದೇ ಇಳಿಯತೊಡಗಿತು. ಹನ್ನೊಂದು. ಆಮೇಲೆ ಚಪ್ ಅಂತ ಕೆಸರಿಗೆ ಕಾಲಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಕೇಳಲಾರದೆ ಅವನು ಓಡಿದ.

ಮರುದಿನವೂ ಅದೇ. ಮೂರನೇ ದಿನ ಅವನು ಬಾವಿಕಟ್ಟೆ ಹಿಡಿದು ಪಿಸುಗುಟ್ಟಿದ. "ಬೇಡ ಕಣಪ್ಪಾ… ಇಳೀಬೇಡ."

ಒಳಗೆ ಹೆಜ್ಜೆ ನಿಂತಿತು. ಉಸಿರಾಟ ಕೇಳಿಸಿತಂತೆ. "ಸರಿ ಸಾರ್."

ಅಷ್ಟೇ. ಎಷ್ಟು ವಿನಯ ನೋಡಿ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಂತ ಅಣ್ಣ ಅತ್ತ. ಮಾರನೇ ರಾತ್ರಿ ಮತ್ತೆ ಕೇಳಿತು. ಮತ್ತೆ ಬೇಡ ಅಂದ. ದಿನಾ. ಅನ್ನ ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ. ದೇವರ ಮುಂದೆ ಕೂತರೆ ಬಾಯಿಗೆ ಪ್ರಾರ್ಥನೆ ಬಾರದು, "ಬೇಡ ಬೇಡ" ಅಂತಲೇ ಬಂದುಬಿಡುತ್ತಿತ್ತು. ಕೊನೆಗೆ ಅತ್ತಿಗೆಗೆ ಎಲ್ಲಾ ಹೇಳಿಬಿಟ್ಟ.

ಅತ್ತಿಗೆ ಒಲೆ ಆರಿಸಿ ಬಂದು ಎದುರು ಕೂತಳು. ಆಮೇಲೆ, "ಸತ್ತವನಿಗೆ ದಿನಾ ಬೇಡ ಅಂತೀರಿ. ಬದುಕಿರೋರಿಗೆ ಯಾವಾಗ ಹೇಳ್ತೀರಿ?" ಅಂದಳು.

"ಹೇಳಿದ್ರೆ ನಾನು ಜೈಲಿಗೆ ಹೋಗ್ತೀನಿ ಕಣೇ."

"ಹೇಳದೆ ಈಗ ಎಲ್ಲಿದ್ದೀರಿ?"

ಅವನು ಗೋಡೆ ಕಡೆ ತಿರುಗಿ ಮಲಗಿದ.

ಹನ್ನೆರಡನೇ ದಿನ ಸಂಜೆ ಮೇಸ್ತ್ರಿ ಎದುರಾದ. "ಇವತ್ತು ರಾತ್ರಿ ಎರಡನೇ ತೊಟ್ಟಿ ಸಾರ್. ಮ್ಯಾನೇಜರು ಅವಸರ ಮಾಡ್ತಿದ್ದಾರೆ. ನಿಮ್ಮ ಚೀಟಿ ಒಂದಿದೆಯಲ್ಲ, ಯೋಚನೆ ಮಾಡ್ಬೇಡಿ." ಅಣ್ಣ ಹತ್ತಕ್ಕೆ ಚೀಲ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದ. ಮೀಟರನ್ನು ಕಪಾಟಿನಲ್ಲಿಡುವುದು ಮರೆತಿದ್ದ, ಅದು ಚೀಲದಲ್ಲೇ ಇತ್ತು… ಮರೆತನೋ, ಯಾರಾದರೂ ಮರೆಸಿದರೋ, ನಾನು ಹೇಳಲಾರೆ.

ಆ ರಾತ್ರಿ ಅವನ ಕಾಲು ಮುಂದೆ ಹೋಗಲಿಲ್ಲವಂತೆ. ಗೇಟಿನ ಹೊರಗೆ ಕಲ್ಲಿನ ಮೇಲೆ ಬಹಳ ಹೊತ್ತು ಕೂತ. ಹನ್ನೊಂದಾದ ಮೇಲೆ ಎದ್ದು ಬಾವಿಯ ಹತ್ತಿರ ಬಂದ. ನಿಂತ. ಕಾದ.

ಶಬ್ದ ಇಲ್ಲ.

ಕಟ್ಟೆಯ ಮೇಲೆ ಬಗ್ಗಿ ಅವನೇ ಕರೆದ. "ಉದ್ದಣ್ಣಾ… ಇದ್ದೀಯೇನೋ?"

ಇಲ್ಲ. ಜೀರುಂಡೆಯೂ ಇಲ್ಲ. ಹನ್ನೊಂದು ರಾತ್ರಿ ತಪ್ಪದೆ ಬಂದವನು ಇವತ್ತು ಇಲ್ಲಿಲ್ಲ ಅಂದರೆ… ಎಲ್ಲಿಗೆ ಹೋದ?

ಅಣ್ಣ ತಿರುಗಿ ಓಡಿದ. ಐವತ್ತು ದಾಟಿದ ಮನುಷ್ಯ, ಮಂಡಿ ನೋವು ಬೇರೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಗೇಟಿನ ಕಾವಲುಗಾರ, "ಏನು ಸಾರ್, ಟಿಫನ್ ಡಬ್ಬಿ ಬಿಟ್ರಾ?" ಅಂದ. ಅಣ್ಣ ಅವನನ್ನು ಸರಿಸಿ ಒಳಗೆ ನುಗ್ಗಿದ.

ಎರಡನೇ ತೊಟ್ಟಿಯ ಬಾಯಿಯಲ್ಲಿ ಒಂದೇ ಬಲ್ಬು. ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಕೆಲಸಕ್ಕೆ ಬಂದವರು ಅಣ್ಣತಮ್ಮಂದಿರು. ತಮ್ಮ ಒಳಗೆ ಇಳಿದಿದ್ದ, ಕೂಗಿದರೆ ಓಗೊಡುತ್ತಿರಲಿಲ್ಲ. ಹಿರಿಯವನು ಏಣಿಗೆ ಕಾಲು ಹಾಕಿದ್ದ. ನಮ್ಮಣ್ಣ ಹಿಂದಿನಿಂದ ಹೋಗಿ ಸೊಂಟ ತಬ್ಬಿ ಹಿಡಿದು ನೆಲಕ್ಕೆ ಕೆಡವಿದ.

"ಬಿಡಿ ಸಾರ್! ನನ್ನ ತಮ್ಮ ಸಾರ್!"

"ಇಳೀಬೇಡ!"

"ಬಿಡ್ರೀ!" ಅವನು ಅಣ್ಣನ ಮುಖಕ್ಕೆ ಗುದ್ದಿದ. ಹಲ್ಲು ಅಲ್ಲಾಡಿತು. ಅಣ್ಣ ಬಿಡಲಿಲ್ಲ.

"ನೀನೂ ಹೋದ್ರೆ ನಿಮ್ಮಮ್ಮಂಗೆ ಯಾರಿದಾರೋ? ಯಾರಿದಾರೆ ಹೇಳೋ!"

ಇನ್ನೊಂದು ಕೈಯಲ್ಲಿ ಚೀಲದಿಂದ ಮೀಟರು ತೆಗೆದು ಬಾಯಿಯೊಳಗೆ ಚಾಚಿದ. ಪೀಂಪೀಂಪೀಂಪೀಂ… ನಿಲ್ಲಲೇ ಇಲ್ಲ. ಹಿರಿಯವನು ಆ ಕೂಗು ಕೇಳಿ, ಮಗುವಿನ ಹಾಗೆ ಅಳತೊಡಗಿದ.

ಆಗ ಅಣ್ಣನ ಕಣ್ಣಿಗೆ ಬಿತ್ತು. ಕಂಬಿಗೆ ಎರಡು ಸುತ್ತು ಸುತ್ತಿ ಬಿಗಿದ ಒಂದು ಹಗ್ಗ. ತೊಟ್ಟಿಯ ಅಂಚು ದಾಟಿ ಕತ್ತಲೊಳಗೆ ಇಳಿದಿದೆ. ಬಿಗಿಯಾಗಿದೆ.

"ಎಳೀರೋ!"

ಮೂವರೂ ಎಳೆದರು. ಸಿಮೆಂಟಿನ ಅಂಚಿಗೆ ಹಗ್ಗ ಉಜ್ಜಿ ಗರ್… ಗರ್… ಅನ್ನುತ್ತಿತ್ತು. ಮೊದಲು ತಲೆ ಬಂತು. ಆಮೇಲೆ ಭುಜ. ಕಂಕುಳ ಕೆಳಗೆ ಹಾಯಿಸಿ, ಎದೆಗೆ ಅಡ್ಡ ಬಿಗಿದು, ಚೆನ್ನಾಗಿ ಗಂಟು ಹಾಕಿತ್ತು. ತುಟಿ ನೀಲಿ. ಅಣ್ಣ ಅವನನ್ನು ದೂರ ಎಳೆದು, ಎದೆ ಒತ್ತಿ ಒತ್ತಿ ದೇವರನ್ನು ಕರೆದ. ಎಷ್ಟು ಹೊತ್ತೋ… ಕೊನೆಗೆ ಕ್ಹೆಕ್ ಅಂತ ಒಂದು ಕೆಮ್ಮು. ಆ ಕೆಮ್ಮಿನಷ್ಟು ಇಂಪಾದ ಶಬ್ದ ನಾನು ಜನ್ಮದಲ್ಲಿ ಕೇಳಿಲ್ಲ ಅನ್ನುತ್ತಾನೆ ಅಣ್ಣ.

ಆಮೇಲೆ ಅಲ್ಲೇ, ಮೇಸ್ತ್ರಿಯ ಜೇಬಿಗೆ ಕೈ ಹಾಕಿ ಹತ್ತನೇ ಚೀಟಿ ಕಿತ್ತುಕೊಂಡ. ಹರಿಯಲಿಲ್ಲ. ಬೆಳಗಾಗುತ್ತಲೇ ಫ್ಯಾಕ್ಟರಿ ಇನ್ಸ್‌ಪೆಕ್ಟರರ ಮೇಜಿನ ಮೇಲಿಟ್ಟು, ಒಂಬತ್ತನೆಯದರ ಕತೆಯನ್ನೂ ತನ್ನ ಕೈಯಾರೆ ಬರೆದುಕೊಟ್ಟ. ಮ್ಯಾನೇಜರು ಅಲ್ಲಿಯೂ, "ಅವರು ನಮ್ಮ ಜನ ಅಲ್ಲ ಸಾರ್" ಅಂದರಂತೆ. ಇನ್ಸ್‌ಪೆಕ್ಟರರು ತಲೆ ಎತ್ತದೆ ಹೇಳಿದರು: "ಸಂಬಳ ಯಾರಾದ್ರೂ ಕೊಡ್ಲಿ ರೀ. ತೊಟ್ಟಿ ನಿಮ್ದು, ಗಾಳಿ ನಿಮ್ದು. ನಿಮ್ಮ ಗೇಟು ದಾಟಿ ಒಳಗೆ ಬಂದವನ ಉಸಿರೂ ನಿಮ್ಮ ಹೊಣೇನೇ. ಕಂಟ್ರಾಕ್ಟು ಕೊಟ್ಟ ಮಾತ್ರಕ್ಕೆ ಕೈ ತೊಳ್ಕೊಂಡ ಹಾಗಲ್ಲ."

ಅಣ್ಣನ ಕೆಲಸ ಹೋಯಿತು. ಕೇಸು ಈಗಲೂ ನಡೆಯುತ್ತಿದೆ. ಮ್ಯಾನೇಜರ ಮೇಲೂ, ಕಂಟ್ರಾಕ್ಟರನ ಮೇಲೂ, ಇವನ ಮೇಲೂ. ಉದ್ದಣ್ಣನ ಹೆಂಡತಿಯ ಮನೆಗೆ ಹೋಗಿ, ನಿಮ್ಮ ಯಜಮಾನರದೇನೂ ತಪ್ಪಿಲ್ಲ, ತಪ್ಪು ನನ್ನದು ಅಂತ ನೆಲ ನೋಡುತ್ತಾ ಹೇಳಿದ. ಆಕೆ ಪೂರ್ತಿ ಕೇಳಿದಳು. ಬಾಗಿಲು ಹಾಕಿಕೊಂಡಳು. ಅವಳನ್ನು ಯಾರು ತಾನೇ ದೂರಿಯಾರು? ಕ್ಷಮೆ ಅವಳದು, ಕೊಡುವುದು ಬಿಡುವುದು ಅವಳದು. ನಾವು ಬೇಡಿಕೊಳ್ಳಬಹುದು, ಅಷ್ಟೆ.

ಇನ್ನು ಆ ಹಗ್ಗ.

ಕಾರ್ಖಾನೆಯ ಹಗ್ಗಗಳು ಸ್ಟೋರಿನಲ್ಲಿದ್ದವು, ಬೀಗ ಹಾಕಿತ್ತು. ಮರುದಿನ ತೆಗೆದು ನೋಡಿದರೆ ಅವುಗಳ ಮೇಲಿನ ಧೂಳೂ ಕದಲಿರಲಿಲ್ಲ. ಕಂಟ್ರಾಕ್ಟರನು ತಾನು ಹಗ್ಗ ಅನ್ನುವುದನ್ನು ಯಾವತ್ತೂ ಕೊಂಡೇ ಇಲ್ಲ ಅಂತ ಒಪ್ಪಿಕೊಂಡ. ಮೇಸ್ತ್ರಿಗೆ ಗೊತ್ತಿಲ್ಲ. ಹಿರಿಯವನಿಗೆ ಗೊತ್ತಿಲ್ಲ. ತಮ್ಮ ಹಗ್ಗ ಕಟ್ಟಿಕೊಳ್ಳದೆ ಇಳಿದದ್ದನ್ನು ಇಬ್ಬರೂ ಕಣ್ಣಾರೆ ಕಂಡವರು.

ಆ ರಾತ್ರಿ ಆ ಹುಡುಗನನ್ನು ಸಾಗಿಸಿದ ಆಸ್ಪತ್ರೆಗೆ ಅತ್ತಿಗೆಯ ಜೊತೆ ಓಡಿದವರಲ್ಲಿ ನಾನೂ ಒಬ್ಬ. ಗಂಟು ಬಿಚ್ಚಲು ಯಾರಿಂದಲೂ ಆಗದೆ ನರ್ಸಮ್ಮ ಕತ್ತರಿಯಲ್ಲಿ ಕತ್ತರಿಸಿದರು. ಮೂರನೇ ದಿನ ಆ ಹುಡುಗ ಮಾತಾಡಿದ. ಯಾರಪ್ಪಾ ಹಗ್ಗ ಕಟ್ಟಿದ್ದು ಅಂತ ಅಣ್ಣ ಕೇಳಿದ. ಅವನಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿದ ಹಾಗಿತ್ತು.

"ಕೆಳಗೆ ಮೊದಲೇ ಒಬ್ರು ಇದ್ರಲ್ಲ ಸಾರ್. ಅವರೇ ಕಟ್ಟಿದ್ರು."

ಇದನ್ನು ನಾನು ಇದೇ ಕಿವಿಯಿಂದ ಕೇಳಿದ್ದೇನೆ. ಮತ್ತೊಂದು ಮಾತು… ಕತ್ತರಿಸಿದ ಆ ಹಗ್ಗವನ್ನು ನರ್ಸಮ್ಮ ನನ್ನ ಕೈಗೇ ಕೊಟ್ಟಿದ್ದರು, ಹಿಡ್ಕೊಳ್ಳಿ ಅಂತ. ಅವನ ಬಟ್ಟೆಯಿಂದ ಕೊಳೆನೀರು ಇನ್ನೂ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹಗ್ಗ ಮಾತ್ರ ಒಣಗಿತ್ತು. ಈ ತುದಿಯಿಂದ ಆ ತುದಿಯವರೆಗೆ, ಬಿಸಿಲಲ್ಲಿ ಹರವಿದ ಹಾಗೆ ಬೆಚ್ಚಗೆ ಒಣಗಿತ್ತು. ನಂಬುವುದಾದರೆ ನಂಬಿ, ನಡೆದದ್ದು ಇದೇ.

ಕೇಳಿದ ನಿಮ್ಮನ್ನೆಲ್ಲ ದೇವರು ಚೆನ್ನಾಗಿಟ್ಟಿರಲಿ. ನೀವು ಕೆಲಸಕ್ಕೆ ಕಳಿಸಿದವರೂ, ನಿಮ್ಮನ್ನು ಕೆಲಸಕ್ಕೆ ಕಳಿಸಿ ದಾರಿ ಕಾಯುವವರೂ ಕ್ಷೇಮವಾಗಿರಲಿ. ಹೋದ ಕಾಲಲ್ಲೇ ಎಲ್ಲರೂ ನಡೆದು ಮನೆಗೆ ಬರುವಂತಾಗಲಿ.